ಸುಮ್ಮನಿರದ ಕೈಗಳು

ತೀರ್ಥಹಳ್ಳಿ
20-12-2025, ಶನಿವಾರ

ಪ್ರೀತಿಯ ಬಿಂದುಗೆ ಅಪ್ಪಯ್ಯನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ಊಟ ಸೇರುತ್ತಿದೆಯಾ? ಕಾಲಿನ ಬಾವು ಇಳಿಯಿತಾ? ಡಾಕ್ಟರ್ ಹೇಳಿದ ಹಾಗೆ ಎಡಮಗ್ಗುಲಿಗೇ ಮಲಗುತ್ತೀಯೋ, ಇಲ್ಲ ಚಿಕ್ಕವಳಿದ್ದಾಗಿನಂತೆ ಹಾಸಿಗೆ ತುಂಬ ಉರುಳಾಡುತ್ತೀಯೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಹಲೋ ಅನ್ನುವುದರೊಳಗೆ ನೀನು "ಅಮ್ಮಂಗೆ ಕೊಡು" ಅನ್ನುತ್ತೀಯ. ಅದಕ್ಕೇ ಈ ಪತ್ರ. ನಾಳೆ ಬೆಳಿಗ್ಗೆ ಸಾಗರದ ಬಸ್ಸಿನಲ್ಲಿ ಕಂಡಕ್ಟರ್ ಯೋಗರಾಜನ ಕೈಗೆ ಕೊಟ್ಟು ಕಳಿಸುತ್ತೇನೆ. ಹಳೇ ಡ್ರೈವರ್ ಅಂತ ಅವನು ನನಗೆ ಇನ್ನೂ ಅಷ್ಟು ಮರ್ಯಾದೆ ಇಟ್ಟಿದ್ದಾನೆ.

ಇಲ್ಲಿ ಎಲ್ಲರೂ ಆರಾಮ. ಚಳಿ ಮಾತ್ರ ಈ ವರ್ಷ ಜೋರು. ಅಜ್ಜಿ ಬಚ್ಚಲೊಲೆಯ ಮುಂದಿನಿಂದ ಏಳುವುದೇ ಇಲ್ಲ. ಊಟಕ್ಕೆ ಕರೆದರೆ ತಟ್ಟೆಯನ್ನು ಅಲ್ಲಿಗೇ ತರಿಸಿಕೊಳ್ಳುತ್ತಾಳೆ. ನಾನು ಮೊನ್ನೆಯ ತನಕ ದಿನಾ ಮಧ್ಯಾಹ್ನ ಪಕ್ಕದ ಮನೆಯ ಆಶಾಳ ತಾರಸಿಗೆ ಹೋಗುತ್ತಿದ್ದೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ. ಆಶಾ ಕೊಕ್ಕೆಕಡ್ಡಿಯಲ್ಲಿ ಕ್ರೋಶಾ ಹಾಕುತ್ತಾಳೆ, ಎದುರುಮನೆಯ ಮಾಸ್ತಮ್ಮ ಭತ್ತದ ತೆನೆಯಲ್ಲಿ ತೋರಣ ಹೆಣೆಯುತ್ತಾಳೆ, ಅವರ ನಡುವೆ ನಾನೊಬ್ಬ ಗಂಡಸು ಉಲನ್ ಉಂಡೆ ಹಿಡಿದು ಕೂರುತ್ತಿದ್ದೆ. ಮೊದಮೊದಲು ಬೀದಿಯವರೆಲ್ಲ ನಕ್ಕರು. ಆಮೇಲೆ ಅವರೇ ತಲೆ ಅಳತೆ ಕೊಟ್ಟು ಹೋದರು. ನಟರಾಜ್, ವಾಸಪ್ಪ, ಹಾಲಿನವನು, ಎಲ್ಲರ ತಲೆಯ ಮೇಲೂ ನನ್ನ ಬೂದು ಟೋಪಿ. ಬೆಳಗಿನ ಮಂಜಿನಲ್ಲಿ ಯಾರು ಯಾರೆಂದು ಗೊತ್ತಾಗದೆ ಮೊನ್ನೆ ವಾಸಪ್ಪನ ಸಾಲಕ್ಕೆ ನಟರಾಜನನ್ನು ಯಾರೋ ಹಿಡಿದು ಕೇಳಿದರಂತೆ! ಏನೇ ಹೇಳು, ಹೆಣಿಗೆಯಷ್ಟು ಸುಖದ ಕೆಲಸ ಬೇರೆ ಇಲ್ಲ. ತೊಡೆಯ ಮೇಲೆ ಬಟ್ಟೆ ಬೆಳೆಯುತ್ತಾ ಬರುತ್ತದೆ, ಬೆಳೆದಷ್ಟೂ ಕಾಲು ಬೆಚ್ಚಗಾಗುತ್ತದೆ. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸಿದವನಿಗೆ ಅದೇ ದೊಡ್ಡ ಸಮಾಧಾನ. ಅಲ್ಲಿ ತಪ್ಪಿದರೆ ಬಿಚ್ಚಿ ಹಾಕಲು ಬರುತ್ತಿತ್ತಾ?

ನಾನು ಇದನ್ನು ಕಲಿತದ್ದೂ ನಿನ್ನ ದೆಸೆಯಿಂದಲೇ. ಏಳನೇ ಕ್ಲಾಸಿನ ಕ್ರಾಫ್ಟ್ ಪೀರಿಯಡ್ಡಿಗೆ ಮಫ್ಲರ್ ಹೆಣೆದು ತರಲು ಹೇಳಿದ್ದರು. ನೀನು ನಾಲ್ಕು ಸಾಲು ಹಾಕಿ ಅಳುತ್ತಾ ಕೂತೆ. ನೈಟ್ ಹಾಲ್ಟಿಗೆ ಹೋಗುವಾಗ ನಾನು ಅದನ್ನು ಜೊತೆಗೆ ಒಯ್ದು, ಹೋಟೆಲಿನ ಅಕ್ಕನ ಹತ್ತಿರ ಕೇಳಿ ಕಲಿತು ಮುಗಿಸಿಕೊಟ್ಟೆ. ನಿನ್ನ ಟೀಚರ್ "ವೆರಿ ಗುಡ್" ಬರೆದದ್ದು ನನಗೆ!

ಈಗ ನಿನ್ನ ಅಮ್ಮ ನನ್ನ ಹೆಣಿಗೆ ಕಡ್ಡಿಗಳನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ. ದೀಪಾವಳಿಯ ಮರುದಿನದಿಂದ ಹೀಗೆ. "ಕೂಸು ಕೈಗೆ ಬರೋ ತನಕ ನೀವು ಅದನ್ನ ಮುಟ್ಟಬೇಡಿ" ಅಂದಳು. ಸುಮ್ಮನೆ ಕೂತು ನೋಡಿದೆ. ಆಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಬಂದೆ, ಮತ್ತೆ ಹೋದೆ. ಸರಿಯಾಗಿದ್ದ ಮಿಕ್ಸಿ ಬಿಚ್ಚಿ ಕೆಡಿಸಿದೆ. ಕೊನೆಗೆ ಸೈಕಲ್ಲಿನ ಎರಡು ಕಡ್ಡಿ ತಂದು, ತುದಿ ಉಜ್ಜಿ, ಅದರಲ್ಲೇ ಶುರು ಮಾಡಿದೆ. ಬೂದು, ಕಂದು, ಕಪ್ಪು ಬಿಟ್ಟು ಬೇರೆ ಬಣ್ಣ ತರಲಿಲ್ಲ. ದೊಡ್ಡ ತಲೆಗಳಿಗೆ ಮಾತ್ರ ಹೆಣೆದೆ.

ದೀಪಾವಳಿಯ ದಿನ ಜಗಲಿಯಲ್ಲಿ ನಾನು ಹೆಣೆಯುತ್ತಿದ್ದಾಗ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ ಬಿಂದು. "ಅಪ್ಪಯ್ಯ, ಅದನ್ನ ಒಳಗಿಡು. ನಿನ್ನ ಕೈ ಕಂಡ್ರೆ ನಂಗೆ ಹೆದ್ರಿಕೆ ಆಗ್ತದೆ" ಅಂದೆ. ವಾರ ಇರಲು ಬಂದವಳು ಮರುದಿನವೇ ಹೊರಟೆ. ನಿನ್ನ ಮೇಲೆ ಸಿಟ್ಟು ಬಂದಿತ್ತು, ನಿಜ. ಹೋದ ಸಲ ಕೂಸು ನಿನ್ನ ಹೊಟ್ಟೆಯಲ್ಲಿದ್ದಾಗಲೇ ನಾನು ಬಿಳಿ ಟೋಪಿ, ಕಾಲುಚೀಲ ಹೆಣೆದಿದ್ದೆ. ಹುಟ್ಟುವ ಮೊದಲು ಹೊಸದು ಮಾಡಬಾರದು, ಹಳೇ ಸೀರೆಯ ಮೆತ್ತನೆ ಬಟ್ಟೆ ಮಾತ್ರ ತೆಗೆದಿಡಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅದೆಲ್ಲ ಹಳೇ ಕಾಲದ್ದು ಅಂತ ನಕ್ಕಿದ್ದೆ. ಎಂಟನೇ ತಿಂಗಳಲ್ಲಿ ಕೂಸು ಹೋಯಿತು. ಆಸ್ಪತ್ರೆಯಿಂದ ನಿನ್ನನ್ನು ಕರೆತಂದ ದಿನ ಅಜ್ಜಿ ನಿನ್ನ ಕೋಣೆಯ ಬಾಗಿಲಲ್ಲೇ ನಿಂತು, "ಹುಟ್ಟೋಕ್ ಮುಂಚೆ ಟೋಪಿ ಹೆಣೆದ್ರೆ ಇನ್ನೆಂತ ಆಗ್ತದೆ?" ಅಂದುಬಿಟ್ಟಳು. ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ಹೇಳಿದ್ದರು. ಓದಿದ ಹುಡುಗಿ, ಅದನ್ನು ಬಿಟ್ಟು ಅಜ್ಜಿಯ ಮಾತು ಹಿಡಿದು ಕೂತಳಲ್ಲ ಅಂತ ನನಗೆ ಬೇಸರ. ಆದ್ದರಿಂದಲೇ ಅಮ್ಮ ವಾರವಾರ ಸಾಗರಕ್ಕೆ ಬಂದರೂ ನಾನು ಅವಳನ್ನು ಬಸ್ಸು ಹತ್ತಿಸಿ ಮನೆಗೆ ತಿರುಗುತ್ತಿದ್ದೆ.

ಮೊನ್ನೆ ಗುರುವಾರ ಒಂದು ಸಂಗತಿ ಆಯಿತು. ವಾಸಪ್ಪನ ಅಣ್ಣನಿಗೆ ಟೋಪಿ ಹಾಕುತ್ತಿದ್ದೆ. ಮಾತಿನ ಗುಂಗಿನಲ್ಲಿ ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಆಶಾ ಬಗ್ಗಿ ನೋಡಿ, "ಧರ್ಮಪ್ಪಣ್ಣ, ಇದು ಯಾರ ತಲೆಗೆ?" ಅಂದಳು. ನೋಡುತ್ತೇನೆ, ನನ್ನ ಮುಷ್ಟಿಯಷ್ಟೇ ಇದೆ. ಸಣ್ಣ ಕೂಸಿನ ಟೋಪಿ. ನಾನು ಬೇಕೆಂದು ಮಾಡಿದ್ದಲ್ಲ ಮಗಾ, ನಿನ್ನಾಣೆ. ಇದನ್ನೆಲ್ಲ ನಂಬುವುದಿಲ್ಲ ಅನ್ನುತ್ತಿದ್ದವನು ಅಲ್ಲೇ ದಾರ ಎಳೆದು ಪೂರ್ತಿ ಬಿಚ್ಚಿದೆ. ಮಾಸ್ತಮ್ಮ ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ನೀನು ಇಷ್ಟು ತಿಂಗಳಿಂದ ಎಂಥ ಹೆದರಿಕೆ ಹೊತ್ತುಕೊಂಡಿದ್ದೀಯ ಅಂತ ನನಗೆ ಆಗ ಗೊತ್ತಾಯಿತು. ಹೆದರಿದವರಿಗೆ ಡಾಕ್ಟರ ಮಾತು ಹೇಳಿ ಏನು ಪ್ರಯೋಜನ? ಕಡ್ಡಿ, ಉಲನ್ ಎಲ್ಲವನ್ನೂ ಆಶಾಳಿಗೇ ಕೊಟ್ಟು ಬಂದೆ. ಅಂದಿನಿಂದ ಮನೆಯೊಳಗೆ ಸುತ್ತುತ್ತಿದ್ದೇನೆ. ಅಜ್ಜಿ ತನ್ನ ಹಳೇ ನೂಲಿನ ಸೀರೆಯೊಂದನ್ನು ದಿನವೂ ಒಗೆದು ಒಣಗಿಸುತ್ತಿದ್ದಾಳೆ. ಒಣಗಿದ ಮೇಲೆ ಮೆತ್ತಗಾಯಿತಾ ಅಂತ ಕೆನ್ನೆಗೆ ಒತ್ತಿಕೊಂಡು ನೋಡುತ್ತಾಳೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಅಳಿಯ ಸುರೇಂದ್ರ ಅವರಿಗೂ ನಿನ್ನ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನೀನೂ ಕೂಸೂ ತಣ್ಣಗಿರಿ.

ಇಂತಿ ನಿನ್ನ ಅಪ್ಪಯ್ಯ,
ಧರ್ಮಪ್ಪ

ತಾ.ಕ.: ಭಾನುವಾರ, ಸಾಗರ ಬಸ್ ಸ್ಟ್ಯಾಂಡ್. ಯೋಗರಾಜನಿಗೆ ಪತ್ರ ಕೊಡಲು ಹೋದವನು ಹಾಗೇ ಬಸ್ಸು ಹತ್ತಿಬಿಟ್ಟೆ. ಹೊಸನಗರ ದಾಟಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಬೈದಳು, ಆಮೇಲೆ ಅತ್ತಳು. ಸುರೇಂದ್ರ ಅವರನ್ನು ಇಲ್ಲಿಗೆ ಕರೆದಿದ್ದೇನೆ, ಪತ್ರವನ್ನು ಅವರ ಕೈಲಿ ಕೊಡುತ್ತೇನೆ. ಚೀಲವನ್ನೂ ತಂದಿಲ್ಲ, ಬರಿಗೈ. ಬಾ ಅಂದರೆ ಬಂದು ನಿನ್ನ ಹತ್ತಿರ ಕೂರುತ್ತೇನೆ. ಬೇಡ ಅಂದರೆ ಸಂಜೆ ಬಸ್ಸಿಗೆ ಹೋಗುತ್ತೇನೆ, ಬೇಜಾರಿಲ್ಲ. ಸುಳ್ಳು, ಬೇಜಾರಾಗುತ್ತದೆ. ಆದರೂ ಹೋಗುತ್ತೇನೆ. ನೀನು ಹೇಳಿ ಕಳಿಸುವ ತನಕ ಈ ಬೆಂಚಿನ ಮೇಲೆ ಕೈಕಟ್ಟಿಕೊಂಡು ಸುಮ್ಮನೆ ಕೂತಿರುತ್ತೇನೆ ಮಗಾ.