ಕಲ್ಲಿಗೊಂದು ಮುಖ

ಆಗಸ್ಟ್ 9, ನರಿನ್ ಪಟ್ಟಣ

ಹಸು ಕರೆದು, ಅತ್ತೆಗೆ ನಮ್ಮ ಕಡೆಯ ಉಪ್ಪು ಚಹಾ ಕೊಟ್ಟೆ. ಉಪ್ಪು ಜಾಸ್ತಿಯಂತೆ. ಎರ್ಮೆಕ್ ಸತ್ತ ಮೇಲೆ ನಾನು ಮಾಡಿದ್ದೆಲ್ಲ ಉಪ್ಪೇ. (ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಬರೆಯಬಹುದು.)

ಸತ್ತ ವರ್ಷಕ್ಕೆ ಹಾಕುವ ಊಟದೊಳಗೆ ಗೋರಿಕಲ್ಲಿಗೆ ಅವನ ಮುಖ ಕೆತ್ತಿಸಬೇಕು. ಫೋಟೋಕ್ಕೆ ನಿಲ್ಲದ ಮನುಷ್ಯ. ಹುಲ್ಲು ಕೊಯ್ಯುವಾಗ ಅತ್ತೆ ಫೋನಿನಲ್ಲಿ ತೆಗೆದ ಚೂರು ವಿಡಿಯೋ ಒಂದೇ ಇದೆ. ಕಲ್ಲು ಕೆತ್ತುವ ಕಾದಿರ್ ನಕ್ಕ: "ಓಡೋ ಮುಖಾನ ಹೆಂಗಮ್ಮ ಕೆತ್ಲಿ? ನಿಂತಿರೋದು ಒಂದು ತಗೊಂಬಾ."

ಆಗಸ್ಟ್ 10

ಲ್ಯಾಪ್‌ಟಾಪಿಗೆ ಹಾಕಿ ವಿಡಿಯೋವನ್ನು ಬಿಡಿ ಚಿತ್ರಗಳಾಗಿ ಒಡೆದೆ. ಮುನ್ನೂರಕ್ಕೂ ಮಿಕ್ಕಿ ಎರ್ಮೆಕ್. ಬಾಯಿ ತುಂಬ ರೊಟ್ಟಿ. ಅರೆಮುಚ್ಚಿದ ಕಣ್ಣು. ಸರಿಯಾದ ಮುಖ ಕೆಲವುಗಳಲ್ಲಿ ಮಾತ್ರ — ಮೊದಲು ಫೋನಿನತ್ತ, ಅಂದರೆ ಅತ್ತೆಯತ್ತ, ನೋಡುತ್ತಾನೆ. ಆಮೇಲೆ ಪಕ್ಕಕ್ಕೆ ತಿರುಗಿ ನಗುತ್ತಾನೆ. ಅಲ್ಲಿ ಕೂತಿದ್ದವಳು ನಾನು.

ಅತ್ತೆ: "ನನ್ನ ನೋಡ್ತಿರೋದೇ ಇರ್ಲಿ. ಹೆತ್ತೋಳು ನಾನು. ನೀನು ನಾಳೆ ಇನ್ನೊಬ್ಬನ ಮನೆ ಸೇರ್ತೀಯ."

ಲ್ಯಾಪ್‌ಟಾಪ್ ಮುಚ್ಚಿದೆ.

ಆಗಸ್ಟ್ 11

ಅತ್ತೆಯತ್ತ ನೋಡುವ ಚಿತ್ರಗಳನ್ನೆಲ್ಲ ಅಳಿಸಿಬಿಟ್ಟೆ.

ಸಂಜೆ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಪಕ್ಕ ಕೂತರು. ಒಂದೊಂದೇ ನೋಡಿದರು.

"ಎಲ್ಲೇ? ವಿಡಿಯೋದಲ್ಲಿ ನೋಡ್ತಾನಲ್ಲ ನನ್ನ ಕಡೆ!"

"ಓಡುವಾಗ ಹಾಗೆ ಕಾಣುತ್ತೆ ಅತ್ತೆ. ನಿಲ್ಸಿದ್ರೆ ಬರೀ ಮಸುಕು. ನಿಮ್ಮ ಕೈ ನಡುಗಿದೆ."

ಬೈಗುಳಕ್ಕೆ ಕಾದೆ. ಬರಲಿಲ್ಲ. ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಅದನ್ನು ಎಡಗೈಯಿಂದ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಹಂಗಾದ್ರೆ ನಿಂದೇ ಕೊಡು" ಅಂದರು.

ಆಗಸ್ಟ್ 12

ವಿಡಿಯೋ ಇನ್ನೊಮ್ಮೆ ಒಡೆದರೆ ಆ ಚಿತ್ರಗಳು ವಾಪಸ್ ಬರುತ್ತವೆ. ಗೊತ್ತು. ಒಡೆಯಲಿಲ್ಲ. ಇನ್ನೊಬ್ಬನ ಮನೆ ಸೇರುವವಳು ಯಾಕೆ ಒಡೆಯಬೇಕು?

ನನ್ನತ್ತ ನಗುವುದನ್ನೇ ಕಾದಿರ್‌ಗೆ ಕೊಟ್ಟು ಬಂದೆ.

ಸೆಪ್ಟೆಂಬರ್ 20

ಕಲ್ಲು ನಿಲ್ಲಿಸಿದರು. ನಗು ಸರಿಯಾಗಿ ಬಂದಿದೆ, ಕಣ್ಣು ಪಕ್ಕಕ್ಕೆ. ಪ್ರಾರ್ಥನೆ ಮುಗಿಯಿತು. ಅವನ ದೃಷ್ಟಿ ಬೀಳುವ ಜಾಗ ಹುಡುಕಿ ನಿಂತಿದ್ದೆ. ಅತ್ತೆ ಎಲ್ಲರೆದುರು ಮೊಣಕೈಯಿಂದ ತಳ್ಳಿದರು.

"ಸರಿಯೇ ಅತ್ಲಾಗೆ! ಇಲ್ಲಿ ನಿಂತ್ರೆ ನನ್ನನ್ನೇ ನೋಡ್ತಾನೆ."

ಅಲ್ಲೇ ನಿಂತರು. ಜನ ಊಟಕ್ಕೆ ಹೊರಟರು. ಕಾರಿನವನು ಹಾರ್ನ್ ಹೊಡೆದ, ಮತ್ತೆ ಹೊಡೆದ. ಅತ್ತೆ ಕದಲಲಿಲ್ಲ. ನಾನು ಕಲ್ಲಿನ ಮುಂದೆಯೇ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ. ಅಲ್ಲಿಂದ ಕಾಣುವುದು ಅವನ ಕಿವಿ, ಕೆನ್ನೆ, ಆಮೇಲೆ ಅವನನ್ನೇ ನೋಡುತ್ತಿರುವ ಅತ್ತೆಯ ಮುಖ.