ಬೆರಳುದ್ದದ ದೀಪಗಳು

ಜೂನ್ ೩, ಸಂಜೆ

ಇವತ್ತೂ ದೀಪ ಒರೆಸುವ ಕೆಲಸ. ಬೆರಳುದ್ದದ ಹ್ಯಾಲೊಜೆನ್ ದೀಪಗಳು, ಪೆಟ್ಟಿಗೆಯೊಳಗೆ ಸಾಲಾಗಿ. ಬಣ್ಣ ಹೊಡೆದ ಫ್ಯಾನ್ ರೆಕ್ಕೆ ಬೆಲ್ಟ್ ಮೇಲೆ ಬಂದೊಡನೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ — ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡ. ರೆಕ್ಕೆ ಆಚೆ ಬರುವಾಗ ಬಣ್ಣ ಒಣಗಿರುತ್ತದೆ.

ಒರೆಸುವುದು ಕಲಿಸಿದ್ದು ದೊಡ್ಡಮ್ಮ. ನನ್ನ ದೊಡ್ಡಮ್ಮನಲ್ಲ, ಇಡೀ ಶೆಡ್ಡಿಗೇ ದೊಡ್ಡಮ್ಮ.

"ಗ್ಲೌಸ್ ಇಲ್ದೆ ಮುಟ್ಟಬೇಡ ಕಣೇ. ಬೆರಳಿನ ಜಿಡ್ಡು ಗಾಜಿಗೆ ಅಂಟ್ಕೊಂಡು ಸುಡತ್ತೆ, ದೀಪ ಸಿಡಿಯತ್ತೆ. ಗಂಡನ ಹತ್ರ ಇಲ್ಲದ ನಾಜೂಕು ಇದರ ಹತ್ರ ಇರ್ಲಿ."

ನಕ್ಕೆ. ಅವಳು ಟೀ ಕುಡಿಯಲು ಹೋದಳು. ಗ್ಲೌಸ್ ಕಳಚಿದೆ. ಹಣೆ ಉಜ್ಜಿಕೊಂಡು ಮೂರು-ನಾಲ್ಕು ದೀಪಗಳನ್ನು ಸವರಿದೆ. ಮಗುವಿನ ಕೆನ್ನೆ ಸವರಿದ ಹಾಗೆ.

ಜೂನ್ ೧೧

ಎರಡು ಸಿಡಿದವು. ಕೆಲಸ ನಿಂತಿತು. ಮಾಲೀಕರು ಎಲ್ಲರೆದುರಿಗೇ ಸೂಪರ್‌ವೈಸರ್‌ಗೆ ಛೀಮಾರಿ ಹಾಕಿದರು. ಅವನನ್ನು ನಾವು ಕರೆಯುವುದು 'ಬೇಗಬೇಗ' ಎಂದು. ಬಾಯಿ ಬಿಟ್ಟರೆ ಬರುವುದು ಅದೊಂದೇ ಮಾತು. ಅವನ ತಲೆ ತಗ್ಗಿದ್ದು ನೋಡಿ ಹೊಟ್ಟೆ ತಣ್ಣಗಾಯಿತು.

ಮನೆಗೆ ಬಂದು ಅಕ್ಕನ ತಲೆ ಬಾಚಿದೆ. ಅವಳ ಬಲಗೈ ಬೆರಳು ಮಡಚುವುದಿಲ್ಲ, ಬಾಚಣಿಗೆ ನಿಲ್ಲುವುದಿಲ್ಲ. ಸುಟ್ಟದ್ದು ಅದೇ ಪೆಟ್ಟಿಗೆಯಲ್ಲಿ. ಮುಚ್ಚಳ ತೆಗೆದರೆ ದೀಪ ಹೊತ್ತಬಾರದು, ಅದಕ್ಕೊಂದು ಸ್ವಿಚ್ ಇದೆ. ಪದೇಪದೇ ಕೆಲಸ ನಿಲ್ಲುತ್ತದೆಂದು ಈ ಬೇಗಬೇಗನೇ ಅದನ್ನು ತಂತಿ ಬಿಗಿದು ಒತ್ತಿಟ್ಟಿದ್ದ, ಮುಚ್ಚಳ ತೆರೆದರೂ ದೀಪ ಹೊತ್ತುವ ಹಾಗೆ. ಸಿಕ್ಕಿಕೊಂಡ ರೆಕ್ಕೆ ತೆಗೆಯಲು ಅಕ್ಕ ಮುಚ್ಚಳ ತೆಗೆದು ಕೈ ಹಾಕಿದಳು. ಹಿಂದಿನಿಂದ ಇನ್ನೊಂದು ರೆಕ್ಕೆ ಬಂತು...

ಅವಳನ್ನು ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ತಂತಿ ಮಾಯ. ಅವಳದೇ ಅಜಾಗ್ರತೆ ಎಂದ. ಎಲ್ಲರೂ ನಂಬಿದರು. ಈಗ ತಂತಿ ಮತ್ತೆ ಬಂದು ಕೂತಿದೆ. ದಿನಾ ನೋಡುತ್ತೇನೆ.

ನಾನು ಅವಳ ತಂಗಿ ಎಂದು ಅವನಿಗೆ ಗೊತ್ತಿಲ್ಲ. ನಾನು ಅಲ್ಲಿ ಸೇರಿದ್ದು ಅಕ್ಕನಿಗೂ ಗೊತ್ತಿಲ್ಲ. ಬಟ್ಟೆ ಅಂಗಡಿ ಎಂದಿದ್ದೇನೆ.

ಜೂನ್ ೧೪

ಇನ್ನೊಂದು ಸಿಡಿಯಿತು. ಬೇಗಬೇಗ ದೊಡ್ಡಮ್ಮನ ಕಡೆ ಕೈ ತೋರಿಸಿದ. "ಈ ಮುದುಕಿಗೆ ಒರೆಸೋಕೂ ಬರಲ್ಲ ಸರ್." ನಿಂತ ನಿಲುವಿನಲ್ಲೇ ಅವಳನ್ನು ಕೆಲಸದಿಂದ ಕಳಿಸಿದರು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಬರೆ ಕಾಯಿಸಿ ಕೊಟ್ಟವಳು ನಾನು.

ಹೊರಡುವಾಗ ನನ್ನ ಕೈ ನೋಡಿದಳು. "ನಿನ್ನ ಗ್ಲೌಸ್ ಹರಿದಿದೆ, ನಂದು ಇಟ್ಕೋ." ಕೊಟ್ಟು ಹೋದಳು.

ಬರೆಯಲಾಗುತ್ತಿಲ್ಲ.

ಜೂನ್ ೨೨

ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಸೇಡು ಗೀಡು ಬೇಡ ಎಂದು ಬುದ್ಧಿ ಹೇಳುತ್ತಾಳೆ ಅಂದುಕೊಂಡಿದ್ದೆ. ಬೈದಳು ನಿಜ, ಬೇರೆ ಕಾರಣಕ್ಕೆ.

"ಸುಟ್ಟಿದ್ದು ನನ್ನ ಕೈ. ಸೇಡು ನಿಂದು ಹೇಗಾಯ್ತೇ? ಅದೂ ಕಳ್ಳ ಬೆಕ್ಕಿನ ಹಾಗೆ, ಬಡಪಾಯಿ ಒಬ್ಬಳ ಅನ್ನ ಕಿತ್ಕೊಂಡು."

"ಮತ್ತೇನು ಮಾಡ್ಬೇಕಿತ್ತು ಅಕ್ಕ?"

"ತಂತಿ ಇನ್ನೂ ಇದೆಯಾ?"

"ಇದೆ."

"ಮಾಲೀಕರು ಯಾವತ್ತು ಬರ್ತಾರೆ?"

"ಸೋಮವಾರ."

"ನಾನೂ ಬರ್ತೀನಿ."

ಜೂನ್ ೨೪, ಮಧ್ಯಾಹ್ನ

ಈಗ ತಾನೇ ಬಂದೆವು.

ಮಾಲೀಕರೆದುರು ಮೊದಲು ನಾನೇ ಹೇಳಿದೆ — ದೀಪ ಹಾಳು ಮಾಡಿದ್ದು ನಾನು, ದೊಡ್ಡಮ್ಮನಲ್ಲ. ಇವಳು ನನ್ನ ಅಕ್ಕ. ಬೇಗಬೇಗ ಬಿಳಿಚಿಕೊಂಡ. ಆಮೇಲೆ ನಾಲಿಗೆ ಸಿಕ್ಕಿತು.

"ನೋಡಿ ಸರ್, ಇವರ ಮನೆತನವೇ ಹೀಗೆ. ಅವಳು ಕಣ್ಣು ಮುಚ್ಕೊಂಡು ಕೈ ಹಾಕಿದ್ಲು, ಇವಳು ದೀಪ ಒಡೆದ್ಲು. ಸ್ವಿಚ್ ಅವತ್ತೂ ಸರಿ ಇತ್ತು, ಇವತ್ತೂ ಸರಿ ಇದೆ."

ಅಕ್ಕ ಎಡಗೈಯಲ್ಲಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು.

"ಸರಿ ಇದ್ರೆ ಕೈ ಇಡಿ ಅಣ್ಣ. ನಾನು ಇಟ್ಟ ಜಾಗದಲ್ಲೇ."

ಬೆಲ್ಟ್ ಓಡುತ್ತಿತ್ತು. ರೆಕ್ಕೆಯೊಂದು ಬರುತ್ತಿತ್ತು. ಅವನು ಮಾಲೀಕರ ಮುಖ ನೋಡಿದ. "ಇಡಪ್ಪ, ಇದರಲ್ಲೇನಿದೆ" ಎಂದರು ಅವರು. ಕೈ ಚಾಚಿದ. ಪೆಟ್ಟಿಗೆಯ ಬಾಯಿಯ ತನಕ ಹೋದ ಕೈ ಅಲ್ಲೇ ನಿಂತಿತು. ಅಂಗಿಯ ಬೆನ್ನು ಒದ್ದೆ.

"ಬೇಗ, ಬೇಗ" ಎಂದಳು ಅಕ್ಕ, ಮೆಲ್ಲಗೆ.

ಅವನು ಕೈ ಹಿಂದಕ್ಕೆಳೆದುಕೊಂಡ. ಮರುಕ್ಷಣ ದೀಪಗಳು ಧಗ್ಗನೆ ಹೊತ್ತಿದವು — ಮುಚ್ಚಳ ತೆರೆದೇ ಇತ್ತು. ಸುತ್ತ ನಿಂತವರ ಮುಖವೆಲ್ಲ ಕೆಂಪು. ಮಾಲೀಕರೇ ಬಗ್ಗಿ ನೋಡಿ ತಂತಿ ಬಿಚ್ಚಿದರು.

ಜೂನ್ ೨೯

ಬೇಗಬೇಗನನ್ನು ತೆಗೆದುಹಾಕಿದರಂತೆ. ನನ್ನನ್ನೂ. ದೊಡ್ಡಮ್ಮನಿಗೆ ಕರೆ ಬಂದು ವಾಪಸ್ ಹೋಗುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕಳು, ಮಾತಾಡಿಸಲಿಲ್ಲ. ನ್ಯಾಯವೇ.

ಸಂಜೆಯಾದರೆ ಅಕ್ಕನದು ಒಂದೇ ಮಾತು. "ಅವನ ಕೈ ಹೇಗೆ ನಿಂತಿತು, ಇನ್ನೊಂದ್ಸಲ ಹೇಳು." ಅವಳೂ ಕಣ್ಣಾರೆ ಕಂಡವಳೇ. ಆದರೂ ಹಸಿದವಳು ಉಣ್ಣುವ ಹಾಗೆ ಕೇಳುತ್ತಾಳೆ. ನನಗೂ ಹೇಳಿದಷ್ಟೂ ರುಚಿ.

ಇವತ್ತು ಮಾತ್ರ ನಡುವೆ ತಡೆದಳು.

"ಅವನು ಕೈ ಇಟ್ಟೇಬಿಟ್ಟಿದ್ರೆ, ನಾನು ಹೊರಗೆ ಎಳೀತಿದ್ನಾ?"

ಅವತ್ತು ನಾನು ನಿಂತದ್ದು ಅವಳ ಪಕ್ಕದಲ್ಲೇ. ಮುಚ್ಚಳದ ಮೇಲಿದ್ದ ಅವಳ ಎಡಗೈ ನನಗೊಬ್ಬಳಿಗೇ ಕಾಣುತ್ತಿತ್ತು. ಎತ್ತಿ ಹಿಡಿದ ಕೈಯಲ್ಲ ಅದು. ಅವನ ಕೈ ಮೇಲೆ ಮುಚ್ಚಳ ಒತ್ತಲು ಕಾದಿದ್ದ ಕೈ.

"ನೀನು ಎಳೀತಿದ್ದೆ ಅಕ್ಕ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ, "ಸುಳ್ಳು" ಎಂದು ಎಡಗೈಯಿಂದ ಬಾಚಣಿಗೆಯನ್ನು ನನ್ನ ಕೈಗಿಟ್ಟಳು.