ಹಿಂದಿನ ಸೀಟು

ಜಹೀರ್,

ನಾವು ಮಾತು ಬಿಟ್ಟ ಮೇಲೆ ನಿನ್ನ ಸುದ್ದಿಯನ್ನು ಬೇರೆಯವರ ಬಾಯಿಂದಲೇ ಕೇಳಬೇಕಾಗಿದೆ. ಇಂದು ಮಾನ್ವಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗದ್ದೆಪ್ಪ ಸಿಕ್ಕಿದ್ದ. ನಿನ್ನ ಸಣ್ಣ ಫಟಫಟಿ ಬೈಕಿನ ಮೇಲೆ ನೀವಿಬ್ಬರೂ ಬಾಬಾಬುಡನ್‌ಗಿರಿ ಸುತ್ತಿಬಂದ ಕಥೆಯನ್ನು ಎಲ್ಲರಿಗೂ ಹೇಳುತ್ತಿದ್ದ.

“ಪೆಟ್ರೋಲ್ ಉಳಿಸಾಕ ನಮ್ಮೂರಾಗ ಮಾಡ್ದಂಗ ಗುಡ್ಡದ ಇಳಿಜಾರಿನ್ಯಾಗೂ ಇಂಜಿನ್ ಬಂದ್ ಮಾಡಿದ್ನಲೇ! ಬ್ರೇಕ್ ಹಿಡೀಲಿಲ್ಲ. ಅವನ ಸೊಂಟ ಅಪ್ಪಿಕೊಂಡು ಯಪ್ಪಾ ಅಂತ ಒದರಿದ್ನಿ.”

ಎಲ್ಲರೂ ನಕ್ಕರು. ನಿನಗೆ ಪೆಟ್ಟಾಯಿತೇ ಎಂದು ನಾನು ಕೇಳಲಿಲ್ಲ. ನಮ್ಮ ಕಡೆಯ ಗೂಗಲ್ ಹಳ್ಳಿಯ ದಾರಿಯಲ್ಲಿ ನೀನು ಇಂಜಿನ್ ನಿಲ್ಲಿಸಿದಾಗಲೆಲ್ಲ ಹಿಂದೆ ಕೂತಿರುತ್ತಿದ್ದವನು ನಾನು. ಆ ಗುಡ್ಡಕ್ಕೆ ಹೋಗೋಣವೆಂದು ಮೊದಲು ಹೇಳಿದವನೂ ನಾನೇ.

“ನೀ ಆಗಿದ್ರ ಮೊದಲನೇ ತಿರುವಿನ್ಯಾಗ ಇಳಿದು ನಡಕೋತ ಬರ್ತಿದ್ದಿ,” ಎಂದು ಗದ್ದೆಪ್ಪ ಕೆಣಕಿದ.

ಅವನೆದುರು ನಕ್ಕೆ. ಕಳಿಸದ ಈ ಕಾಗದದಲ್ಲಿ ಹೇಳುತ್ತೇನೆ: ಇಳಿಯುತ್ತಿರಲಿಲ್ಲ, ಜಹೀರ್.